ಕೆಂಪಿಯ ಕಿವಿಯೋಲೆ

ಅಪ್ಪಾ,

ಮೊದಲು ಶುಭ ಸುದ್ದಿ ಹೇಳಿಬಿಡುತ್ತೇನೆ. ನಿನ್ನ ಕೆಂಪಿಗೆ ಕಿವಿಯೋಲೆ ಬಂತು. ಗಾಬರಿಯಾಗಬೇಡ, ಚಿನ್ನದ್ದಲ್ಲ, ಪ್ಲಾಸ್ಟಿಕ್ಕಿನದು. ಹ್ಯಾಂಡಲಿನ ಎರಡೂ ಕಡೆ ಹೊಸ ಕನ್ನಡಿ, ಒಂದೊಂದು ಕನ್ನಡಿಗೂ ಬೆನ್ನಿನಿಂದ ಅಂಚಿನವರೆಗೆ ಸುತ್ತಿಬಂದ ಬೆರಳುದ್ದದ ಹಳದಿ ದೀಪ. ಬಲಗಡೆಗೆ ಸ್ವಿಚ್ಚು ತಳ್ಳಿದರೆ ಬಲಗಿವಿ ಮಿನುಗುತ್ತದೆ, ಎಡಗಡೆಗೆ ತಳ್ಳಿದರೆ ಎಡಗಿವಿ. ಈಗ ಹೀಗೆ ಮಿನುಗುತ್ತದೆ ಅನ್ನು. ಮೊದಲ ದಿನದ ಫಜೀತಿಯನ್ನು ಆಮೇಲೆ ಹೇಳುತ್ತೇನೆ. ಕೆಂಪು ಬೈಕಿಗೆ ಹಸುವಿನ ಹೆಸರಿಟ್ಟು ಇಡೀ ಜನ್ನಾಪುರದ ಬಾಯಲ್ಲಿ ಅದನ್ನು ಕೆಂಪಿ ಮಾಡಿದವನು ನೀನು. ಅದಕ್ಕೆ ಓಲೆ ಹಾಕಿದವಳು ನಾನು, ನಮ್ಮ ಮನೆಯ ಅಂಗಳದಲ್ಲೇ, ಯಾವ ಮೆಕ್ಯಾನಿಕ್ಕನ್ನೂ ಕರೆಯದೆ. ನೀನಿದ್ದಿದ್ದರೆ "ಇದೇನೇ ಸುಮಾ, ಮದುವೆ ಮನೆ ಸೀರಿಯಲ್ ಸೆಟ್ಟು" ಎಂದು ಮೂಗು ಮುರಿಯುತ್ತಿದ್ದೆ. ಮುರಿ, ಬೇಡ ಎನ್ನುವುದಿಲ್ಲ. ಆದರೆ ಪತ್ರ ಪೂರ್ತಿ ಓದಿದ ಮೇಲೆ ಮುರಿ.

ಆಯುಧಪೂಜೆಗೆ ಮನೆಯವರನ್ನೆಲ್ಲ ಭದ್ರಾವತಿಯ ನಿಮ್ಮ ಕಾರ್ಖಾನೆಯ ಒಳಗೆ ಬಿಡುತ್ತಿದ್ದರಲ್ಲ, ಆ ದಿನ ನೆನಪಿದೆ. ಪೂಜೆ ಮುಗಿದ ಮೇಲೆ ನಮ್ಮಂಥ ಮಕ್ಕಳಿಗೆ ತೋರಿಸಲೆಂದು ನೀವು ಕ್ರೇನನ್ನು ಒಂದು ಸಲ ಓಡಿಸಿದಿರಿ. ಮೇಲೆ, ಸೂರಿನ ಹತ್ತಿರ, ಗಾಜಿನ ಗೂಡಿನೊಳಗೆ ಎದುರು ಮನೆಯ ಮುರುಗೇಶ ಮಾಮ. ಕೆಳಗೆ ನೀನು. ಅಲ್ಲಿನ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ನೀನು ತೋರುಬೆರಳು ಮೇಲೆ ಮಾಡಿ ತಿರುಗಿಸಿದೆ, ಕೊಕ್ಕೆ ಮೇಲೆ ಹೋಯಿತು. ಅಂಗೈ ಕೆಳಗೆ ಮಾಡಿ ಅಲ್ಲಾಡಿಸಿದೆ, ನಿಧಾನವಾಯಿತು. ಮುಷ್ಟಿ ಹಿಡಿದೆ, ನಿಂತಿತು. ಅಷ್ಟು ದೊಡ್ಡ ಕಬ್ಬಿಣದ ರಾಕ್ಷಸ ನಿನ್ನ ಬೆರಳಿಗೆ ಹೆದರುವುದನ್ನು ನೋಡಿ ನನಗೆ ಎಷ್ಟು ಜಂಬ ಬಂದಿತ್ತು ಎಂದರೆ, ಮಾರನೆಯ ದಿನ ಶಾಲೆಯಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ, ಬರೀ ಕೈಸನ್ನೆ. ಟೀಚರು ನನಗೆ ಗಂಟಲು ಕೆಟ್ಟಿದೆ ಎಂದುಕೊಂಡರು.

ಆ ಸನ್ನೆಗಳು ನಮ್ಮ ಮನೆಯೊಳಗೂ ಬಂದುಬಿಟ್ಟವಲ್ಲ. ಊಟಕ್ಕೆ ಕೂತಾಗ ನೀನು ಬಾಯಿ ಬಿಟ್ಟು ಸಾಕು ಎಂದದ್ದನ್ನು ನಾನು ಕೇಳಿಯೇ ಇಲ್ಲ. ಮುಷ್ಟಿ ಹಿಡಿದರೆ ಅಮ್ಮನ ಸೌಟು ಗಾಳಿಯಲ್ಲೇ ನಿಲ್ಲಬೇಕು. ಶಿವಮೊಗ್ಗದ ಕೋಟೆ ಬಡಾವಣೆಯಲ್ಲಿರುವ ಚಿಕ್ಕಮ್ಮನಿಗೆ ಮಾತ್ರ ಈ ಭಾಷೆ ಕೊನೆಯವರೆಗೂ ಬರಲಿಲ್ಲ. ನೀನು ಮುಷ್ಟಿ ಹಿಡಿದು ಎತ್ತಿದರೆ ಅವಳು "ಭಾವ ಖುಷಿಯಾಗಿದಾರೆ" ಎಂದು ಇನ್ನೊಂದು ಅಕ್ಕಿರೊಟ್ಟಿ ಹಾಕುತ್ತಿದ್ದಳು. ನೀನು ಅದನ್ನೂ ತಿನ್ನುತ್ತಿದ್ದೆ. ನಿಜ ಹೇಳು, ಅವಳ ಮನೆಯಲ್ಲಿ ನೀನು ಬೇಕೆಂದೇ ಮುಷ್ಟಿ ಎತ್ತುತ್ತಿರಲಿಲ್ಲವೇ?

ಭಾನುವಾರ ಬೆಳಿಗ್ಗೆ ನೀನೂ ಅಮ್ಮನೂ ಕೋಟೆಗೆ ಹೊರಡುವ ದೃಶ್ಯವನ್ನು ನೋಡಲು ನಮ್ಮ ಬೀದಿಯವರು ಕಾದಿರುತ್ತಿದ್ದರು. ಕೆಂಪಿಯ ಇಂಡಿಕೇಟರು ಕೆಟ್ಟು ಎಷ್ಟೋ ಕಾಲವಾಗಿತ್ತು. "ಹಳೇ ಮಾಡೆಲ್ಲು, ಸಾಮಾನು ಸಿಗಲ್ಲ" ಎಂದು ನೀನು ಕೈ ತೊಳೆದುಕೊಂಡಿದ್ದೆ. ಹಾಗಾಗಿ ಅಮ್ಮನೇ ಇಂಡಿಕೇಟರು. ನೀನು ಬಲಭುಜ ಸ್ವಲ್ಪ ಎತ್ತಿದರೆ ಅವಳ ಬಲಗೈ ಚಾಚಿಕೊಳ್ಳಬೇಕು, ಎಡಭುಜ ಎತ್ತಿದರೆ ಎಡಗೈ. ಬ್ರೇಕು ಹಾಕುವ ಮೊದಲು ನೀನು ಮೊಣಕೈ ಅಗಲಿಸಿದರೆ ಅವಳ ಅಂಗೈ ಕೆಳಗೆ ಮೇಲೆ ಆಡಬೇಕು. ಸೀರೆಯಲ್ಲಿ ಒಂದೇ ಕಡೆ ಕಾಲು ಹಾಕಿ ಕೂತರೆ ಈ ಕೆಲಸ ಆಗುವುದಿಲ್ಲವೆಂದು ನೀನೇ ಅವಳಿಗೆ ಹಸಿರು ಚೂಡಿದಾರ ಹೊಲಿಸಿದೆ. ವಾರವೆಲ್ಲ ಸೀರೆ, ಭಾನುವಾರ ಮಾತ್ರ ಚೂಡಿದಾರ, ಅದು ಅವಳ ಡ್ಯೂಟಿ ಡ್ರೆಸ್ಸು. ಬಿಳಿ ವೇಲನ್ನು ಸೊಂಟಕ್ಕೆ ಬಿಗಿದು, ಹೆಲ್ಮೆಟ್ಟು ಹಾಕಿ, ಎರಡೂ ಕಡೆ ಕಾಲು ಹಾಕಿ ಕೂತಳೆಂದರೆ ನಮ್ಮ ಅಮ್ಮ ಎಂದು ಗುರುತು ಹಿಡಿಯುವುದೇ ಕಷ್ಟವಾಗುತ್ತಿತ್ತು.

ಒಮ್ಮೆ ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸಿನವನು ನಿಮ್ಮನ್ನು ನಿಲ್ಲಿಸಿದ್ದನ್ನು ನೀನು ನೂರು ಸಲ ಹೇಳಿದ್ದೀಯ. ದಂಡ ಹಾಕುತ್ತಾನೆಂದು ನೀನು ಜೇಬು ಮುಟ್ಟಿಕೊಂಡರೆ, ಅವನು ಅಮ್ಮನ ಕಡೆ ತಿರುಗಿ, "ಮೇಡಂ, ತಾವು ನಮ್ಮ ಡಿಪಾರ್ಟ್‌ಮೆಂಟಾ?" ಎಂದನಂತೆ. ಅಮ್ಮ ಅದನ್ನು ಹೇಳುವಾಗ ಅವನು ಸಲ್ಯೂಟ್ ಕೂಡ ಹೊಡೆದ ಎನ್ನುತ್ತಾಳೆ. ಅದು ನಿಮ್ಮಿಬ್ಬರಲ್ಲಿ ತೀರ್ಮಾನವಾಗದೆ ಉಳಿದ ವಿಷಯ, ನಾನು ನಡುವೆ ಬರುವುದಿಲ್ಲ.

ನೀನು ಹೋದ ಮೇಲೆ ಅಮ್ಮ ಮಂಕಾಗಿ ಮೂಲೆ ಸೇರಿದಳು ಎಂದು ನೀನು ಅಂದುಕೊಂಡಿದ್ದರೆ, ಅಂಥದ್ದೇನೂ ಆಗಲಿಲ್ಲ. ಅತ್ತಳು, ಬೇಕಾದಷ್ಟು ಅತ್ತಳು. ಆಮೇಲೆ ಎದ್ದು ಕೂತಳು. ಸಂತೆಗೆ ಹೋಗುತ್ತಾಳೆ, ಭಜನೆಗೆ ಹೋಗುತ್ತಾಳೆ, ಮಹಡಿಯ ಮೇಲಿನ ಬಾಡಿಗೆಯವರ ಮೋಟರು ಜಾಸ್ತಿ ಓಡಿದರೆ ಜಗಳಕ್ಕೂ ಹೋಗುತ್ತಾಳೆ. ನಿಂತದ್ದು ಒಂದೇ, ಭಾನುವಾರದ ಕೋಟೆ. ಚಿಕ್ಕಮ್ಮ ಪ್ರತಿ ಶನಿವಾರ ಫೋನು ಮಾಡಿ "ನಾಳೆ ಬರ್ತೀಯೇನೇ ಅಕ್ಕ?" ಎಂದು ಕೇಳುತ್ತಾಳೆ. ಅಮ್ಮ ಪ್ರತಿ ಶನಿವಾರ "ನೋಡಣ" ಎನ್ನುತ್ತಾಳೆ. ಬಸ್ಸಿನಲ್ಲಿ ಹೋಗಬಹುದಲ್ಲ ಎಂದರೆ, "ಬಸ್ಸಲ್ಲಿ ಹೋದ್ರೆ ಹೋದ ಹಾಗಾಗಲ್ಲ ಕಣೇ." ಹಸಿರು ಚೂಡಿದಾರ ಟ್ರಂಕಿನ ತಳಕ್ಕೆ ಹೋಯಿತು. ಅಮ್ಮನನ್ನು ಮತ್ತೆ ಆ ಸೀಟಿನ ಮೇಲೆ ಕೂರಿಸಬೇಕು, ಅಷ್ಟೇ. ಬೇರೆ ಏನೂ ಬೇಕಿರಲಿಲ್ಲ ನನಗೆ.

ಕಾರ್ಖಾನೆಯ ಮೈದಾನದಲ್ಲಿ ನೀನೇ ನನಗೆ ಕೆಂಪಿಯನ್ನು ಓಡಿಸಲು ಕಲಿಸಿದ್ದೆಯಲ್ಲ. ವಿದ್ಯೆ ಮರೆತಿಲ್ಲ. ಶಿವಮೊಗ್ಗದ ನನ್ನ ಮನೆಯಿಂದ ಬಂದಾಗಲೆಲ್ಲ ಅದನ್ನು ಒಂದು ಸುತ್ತು ಹೊಡೆಸುತ್ತಿದ್ದೆ, ಬ್ಯಾಟರಿ ಸಾಯಬಾರದೆಂದು. ಒಂದು ದಿನ ಧೈರ್ಯ ಮಾಡಿ ಅಮ್ಮನನ್ನು ಕೇಳಿದೆ, "ನನ್ನ ಹಿಂದೆ ಕೂತ್ಕೊ, ಕೋಟೆಗೆ ಹೋಗಿ ಬರಣ."

"ನಿಮ್ಮಪ್ಪನ ಭುಜ ಓದಕ್ಕೆ ನಂಗೆ ಬರ್ತಿತ್ತು," ಎಂದಳು. "ನಿಂದು ಬರಲ್ಲ. ನೀನು ಎಡಕ್ಕೆ ತಿರುಗ್ತೀಯ, ನಾನು ಬಲಗೈ ಚಾಚ್ತೀನಿ, ಹಿಂದಿನ ಲಾರಿಯವನು ಇಬ್ಬರಿಗೂ ಸೇರಿಸಿ ಪೂಜೆ ಮಾಡ್ತಾನೆ. ಇಂಡಿಕೇಟರ್ ಇಲ್ಲದ ಗಾಡಿ ನಾನು ಹತ್ತಲ್ಲ ಮಾರಾಯ್ತಿ."

ನಿನ್ನ ಹಿಂದೆ ಅಷ್ಟು ವರ್ಷ ಅದೇ ಗಾಡಿಯಲ್ಲಿ ಕೂತವಳ ಬಾಯಲ್ಲಿ ಈ ಮಾತು. ಆದರೆ ನಾನು ಅದನ್ನು ಇಲ್ಲ ಎಂಬ ಉತ್ತರವಾಗಿ ಕೇಳಿಸಿಕೊಳ್ಳಲಿಲ್ಲ. ಇಂಡಿಕೇಟರು ಬಂದರೆ ಹತ್ತುತ್ತೇನೆ ಎಂದು ಕೇಳಿಸಿಕೊಂಡೆ. ನಿನ್ನ ಮಗಳಲ್ಲವೇ, ನನಗೆ ಬೇಕಾದ್ದೇ ಕೇಳಿಸುತ್ತದೆ.

ನಾನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿನಿಂದ ಮಧ್ಯಾಹ್ನ ಬಿಡುವು ಮಾಡಿಕೊಂಡು ಶಿವಮೊಗ್ಗದ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವರು ಬಿಳಿ ಗಡ್ಡದ ಸಾಬರು. ಹಳೇ ಮಾಡೆಲ್ಲಿನ ಇಂಡಿಕೇಟರು ಕೇಳಿದ್ದಕ್ಕೆ, "ಹಳೇದು ಯಾಕಮ್ಮಾ, ಹೊಸಾ ಮಾಲು ಬಂದಿದೆ ನೋಡಿ" ಎಂದು ಈ ದೀಪದ ಕನ್ನಡಿ ತೆಗೆದಿಟ್ಟರು. "ಮಗನ ಗಾಡಿಗಾ?"

"ಇಲ್ಲ, ನಮ್ಮಮ್ಮನಿಗೆ."

ಸಾಬರು ನನ್ನನ್ನೇ ನೋಡಿದರು. "ಅಮ್ಮನ ವಯಸ್ಸು ಎಷ್ಟು?"

"ಅರವತ್ತು ದಾಟಿದೆ."

"ಶಾಬಾಸ್," ಎಂದು ಪೊಟ್ಟಣ ಕಟ್ಟಿದರು. ಕೆಂಪು ವೈರಿಗೆ ಕರೆಂಟು, ಕಪ್ಪು ವೈರನ್ನು ಗಾಡಿಯ ಕಬ್ಬಿಣದ ಮೈಗೆ ಕೊಟ್ಟರೆ ಆಯಿತು, ಹೆಡ್‌ಲೈಟು ಬಿಚ್ಚಿದರೆ ಎಲ್ಲಾ ವೈರೂ ಅಲ್ಲೇ ಸಿಗುತ್ತದೆ ಎಂದು ಹೇಳಿಕೊಟ್ಟರು. ನಿನ್ನ ಅಳಿಯನನ್ನು ಸಹಾಯಕ್ಕೆ ಕರೆಯೋಣವೆಂದುಕೊಂಡೆ. ಬಲ್ಬು ಬದಲಿಸುವಾಗಲೂ ರಬ್ಬರ್ ಚಪ್ಪಲಿ ಹಾಕಿಕೊಂಡು ದೇವರನ್ನು ನೆನೆಯುವ ಮನುಷ್ಯ. "ನೀನು ದಿನಾ ಜನರ ನರ ಹುಡುಕಿ ಸೂಜಿ ಚುಚ್ತೀಯಲ್ಲ, ವೈರು ಹುಡುಕೋದು ನಿನಗೆ ಯಾವ ಮಹಾ" ಎಂದು ನನಗೆ ಮರ್ಯಾದೆ ಕೊಟ್ಟು ಜಾರಿಕೊಂಡರು. ಮೆಕ್ಯಾನಿಕ್ಕಿನ ಹತ್ತಿರ ಬಿಡಬಹುದಿತ್ತು. ಆದರೆ ಕೆಂಪಿಗೆ ಬೇರೆಯವರ ಸ್ಪ್ಯಾನರು ತಾಗಿದರೆ ನೀನು ಆ ದಿನ ಸರಿಯಾಗಿ ಊಟವನ್ನೇ ಮಾಡುತ್ತಿರಲಿಲ್ಲ. ಅದು ಹೇಗೆ ಮರೆಯಲಿ?

ಆ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಹಳೇ ಬೆಡ್‌ಶೀಟು ಹಾಸಿ ನಿನ್ನ ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿಕೊಂಡೆ. ಮುರುಗೇಶ ಮಾಮ ಎದುರು ಮನೆಯಿಂದ ಸ್ಟೂಲು ಹಿಡಿದುಕೊಂಡೇ ಬಂದರು. "ಏನ್ ಕಣ್ಣು, ಕೆಂಪಿಗೆ ಆಪರೇಷನ್ನಾ?" ಎಂದರು, ಎಂದಿನ ತಮಿಳು ಮುದ್ದಿನ 'ಕಣ್ಣು' ಸೇರಿಸಿ. ಹಳೇ ಕನ್ನಡಿ ಸುಲಭವಾಗಿ ಬಂತು. ಹೊಸದರ ತಿರುಪು ಕೂತಿತು. ವೈರನ್ನು ಹ್ಯಾಂಡಲಿನ ಗುಂಟ ತಂದು, ಹೆಡ್‌ಲೈಟಿನ ಬುರುಡೆ ಬಿಚ್ಚಿದೆ. ಒಳಗೆ ನೂಡಲ್ಸಿನಂತೆ ಬಣ್ಣಬಣ್ಣದ ವೈರುಗಳ ಗೊಂಚಲು. ಅದರ ನಡುವೆ ಒಂದು ಮಾತ್ರ ಯಾವುದಕ್ಕೂ ಸೇರದೆ ಪ್ರತ್ಯೇಕವಾಗಿ ಮಲಗಿತ್ತು. ತುದಿಗೆ ಕಪ್ಪು ಟೇಪು, ನೀನು ಸುತ್ತುವ ಹಾಗೆಯೇ ಅರ್ಧರ್ಧ ಮೇಲೆ ಬರುವಂತೆ ಒಪ್ಪವಾಗಿ ಸುತ್ತಿದ್ದು. ಟೇಪಿನ ಮೇಲೆ ಬಿಳಿ ದಾರ, ಬಿಗಿಯಾಗಿ. ಅದರ ಪಕ್ಕದಲ್ಲೇ, ಆ ವೈರು ಸೇರಬೇಕಾಗಿದ್ದ ಜಾಗ ಖಾಲಿ.

ಮುರುಗೇಶ ಮಾಮ ಬಗ್ಗಿ ನೋಡಿದರು. ಸುಮ್ಮನೆ ಕೆಮ್ಮಿದರು.

ದಾರ ಕತ್ತರಿಸಿ, ಟೇಪು ಬಿಡಿಸಿ, ವೈರನ್ನು ಅದರ ಜಾಗಕ್ಕೆ ಸಿಕ್ಕಿಸಿ ಸ್ವಿಚ್ಚು ತಳ್ಳಿದೆ. ಅಪ್ಪಾ, ಕೆಟ್ಟುಹೋಗಿದ್ದ ಆ ಹಳೇ ಇಂಡಿಕೇಟರು ಟಿಕ್ ಟಿಕ್ ಎಂದು ಮಿನುಗಿತು. ಎರಡೂ ಕಡೆಗೆ ತಳ್ಳಿ ನೋಡಿದೆ, ಮುಂದೆ ಎರಡು, ಹಿಂದೆ ಎರಡು, ಒಂದು ಬಲ್ಬೂ ಹೋಗಿರಲಿಲ್ಲ. ಹಳೇ ಮಾಡೆಲ್ಲು, ಸಾಮಾನು ಸಿಗಲ್ಲ. ಆಹಾ, ಎಂಥ ಸುಳ್ಳು. ನಾನು ಸ್ಕ್ರೂಡ್ರೈವರನ್ನು ಮಾಮನ ಕಡೆ ತಿರುಗಿಸಿದೆ.

"ಮಾಮ, ಇದು ಕೆಟ್ಟಿರಲಿಲ್ಲ."

"ಕೆಟ್ಟಿರಲಿಲ್ಲ ಕಣ್ಣು," ಎಂದರು ಮಾಮ, ಅಡುಗೆಮನೆಯ ಕಿಟಕಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿ. "ಮೊದಮೊದಲು ನಿಮ್ಮಮ್ಮ ಹಿಂದೆ ಕೂತ್ರೆ ಕಣ್ಣು ಮುಚ್ಚಿ ರಾಮಾ ರಾಮಾ ಅಂತಿತ್ತು. ಭದ್ರಾವತಿ ದಾಟಿ ಹೈವೇ ಬಂತೋ, ಭಯ. ನಿಮ್ಮಪ್ಪನ ಶರ್ಟು ಹಿಡಿದು ಹಿಡಿದು ಹರಿದೇ ಹೋಯ್ತು. ಆಗ ನಿಮ್ಮಪ್ಪ ಹೇಳಿದ, ಮುರುಗೇಶಾ, ಕ್ರೇನ್ ಕೆಳಗೆ ಹೆದರೋ ಹೊಸಬರಿಗೆ ನಾವು ಏನ್ ಮಾಡ್ತೀವಿ? ಸನ್ನೆ ಕೊಡೋ ಕೆಲಸ ಕೊಡ್ತೀವಿ. ಕೈಗೆ ಕೆಲಸ ಬಂದ್ರೆ ಕಣ್ಣು ತಾನಾಗೇ ತೆರೀತದೆ. ಅಷ್ಟೇ, ಮರುದಿನ ಇಂಡಿಕೇಟರ್ ಕೆಟ್ಟೋಯ್ತು."

ನನಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. ಆಮೇಲೆ ಹೆದರಿಕೆ ಶುರುವಾಯಿತು. ಇದನ್ನು ಅಮ್ಮನಿಗೆ ಹೇಳುವುದೇ, ಬಿಡುವುದೇ? ಬಿಸಿಲಲ್ಲಿ, ಮಳೆಯಲ್ಲಿ, ಲಾರಿಗಳ ಹೊಗೆಯಲ್ಲಿ ಅಷ್ಟು ವರ್ಷ ಕೈ ಚಾಚಿದವಳು. ಅದೆಲ್ಲ ನಿನ್ನ ಆಟ ಎಂದು ಗೊತ್ತಾದರೆ ಅವಳು ನಗುತ್ತಾಳೋ, ಅಥವಾ ಆ ಭಾನುವಾರಗಳೇ ಅವಳಿಗೆ... ಇರುವುದು ಅಷ್ಟೇ ಅವಳ ಹತ್ತಿರ, ಆ ಭಾನುವಾರಗಳು. ಅದನ್ನು ಕೆಡಿಸಲು ನಾನ್ಯಾರು? ದಾರವನ್ನು ಸುತ್ತಿ ಪರ್ಸಿನಲ್ಲಿ ಹಾಕಿಕೊಂಡು ಬಾಯಿ ಮುಚ್ಚಿಕೊಂಡೆ.

ಇನ್ನು ಫಜೀತಿಯ ಕಥೆ. ಕನ್ನಡಿಯ ವೈರುಗಳನ್ನೂ ಸೇರಿಸಿ, ಟೇಪು ಸುತ್ತಿ, ಸ್ವಿಚ್ಚನ್ನು ಬಲಕ್ಕೆ ತಳ್ಳಿದೆ. ಮುರುಗೇಶ ಮಾಮ ಕೆಂಪಿಯ ಮುಂದೆ ನಿಂತು ಪರೀಕ್ಷೆ ಮಾಡಿದರು. "ಬಲಗಡೆ ಕನ್ನಡಿ ಉರೀತಿದೆ, ಸೂಪರ್" ಎಂದರು. ಎಡಕ್ಕೆ ತಳ್ಳಿದೆ. "ಎಡಗಡೆ, ಫಸ್ಟ್ ಕ್ಲಾಸ್." ಆದರೆ ಹಳೇ ದೀಪ ಒಂದು ಕಡೆ ಮಿನುಗಿದರೆ ಕನ್ನಡಿಯ ದೀಪ ಇನ್ನೊಂದು ಕಡೆ ಮಿನುಗುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ. "ಹಳೇದೇ ತಪ್ಪು" ಎಂದು ಮಾಮ ತೀರ್ಪು ಕೊಟ್ಟರು. ನಾನೂ ಹೌದೆಂದೆ.

ನಾವಿಬ್ಬರೂ ಯಾಕೆ ಹಾಗೆ ಹೇಳಿದೆವು ನೋಡು. ನಾನು ಕೆಂಪಿಯ ಎದುರು ಕೂತು ವೈರು ಸೇರಿಸಿದ್ದೆ, ಲ್ಯಾಬಿನಲ್ಲಿ ರೋಗಿಯ ಎದುರು ಕೂರುವ ಹಾಗೆ. ಮಾಮ ಅದೇ ಎದುರು ನಿಂತು ನೋಡಿದರು, ಜೀವನಪೂರ್ತಿ ನಿನ್ನನ್ನು ಎದುರಿನಿಂದಲೇ ನೋಡಿದ ಮನುಷ್ಯ. ನಮ್ಮಿಬ್ಬರ ಬಲವೂ ಕೆಂಪಿಯ ಎಡವಾಗಿತ್ತು. ಗಲಾಟೆ ಕೇಳಿ ಅಮ್ಮ ಕಾಯಿ ತುರಿಯುತ್ತಿದ್ದ ಕೈಯಲ್ಲೇ ಹೊರಗೆ ಬಂದಳು. ಒಂದು ನಿಮಿಷ ನಮ್ಮ ವಾದ ಕೇಳಿದಳು. "ಸರೀರಿ ಅತ್ಲಾಗೆ" ಎಂದು ಸೀರೆಯ ನೆರಿಗೆ ಎತ್ತಿ ಹಿಡಿದು, ಸ್ಟ್ಯಾಂಡು ಹಾಕಿದ್ದ ಕೆಂಪಿಯ ಹಿಂದಿನ ಸೀಟಿನಲ್ಲಿ ಕೂತೇಬಿಟ್ಟಳು.

ಅಪ್ಪಾ, ಅವಳು ಕೂತಳು. ಯಾರೂ ಕರೆಯಲಿಲ್ಲ, ಯಾರೂ ಬೇಡಿಕೊಳ್ಳಲಿಲ್ಲ.

"ಬಲಕ್ಕೆ ಹಾಕು," ಎಂದಳು. ಹಾಕಿದೆ. ಅವಳ ಬಲಗೈ ತಾನಾಗೇ ಮೇಲೆದ್ದಿತು, ಕಾಯಿತುರಿ ಅಂಟಿಕೊಂಡ ಕೈ. ಕನ್ನಡಿಯ ದೀಪ ಎಡಗಡೆ ಮಿನುಗಿತು. "ಇಬ್ಬರಿಗೂ ಒಟ್ಟಿಗೆ ತಲೆ ಕೆಟ್ಟಿದೆ," ಎಂದಳು. "ಗಾಡಿ ಮೇಲೆ ಕೂತು ನೋಡ್ಬೇಕು, ಎದುರು ನಿಂತ್ಕೊಂಡಲ್ಲ. ಎದುರಿಗೆ ನಿಂತು ನೋಡೋರು ಗುದ್ದೋಕೆ ಬರೋರು." ಮಾಮ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಎರಡು ಕನ್ನಡಿಯ ವೈರುಗಳನ್ನು ಅದಲುಬದಲು ಮಾಡಿದೆ. ಕೆಂಪಿಯ ಓಲೆ ಸರಿಯಾದ ಕಿವಿಯಲ್ಲಿ ಮಿನುಗಿತು.

ಇಳಿಯುವಾಗ ಅಮ್ಮ ಹಿಂದಿನ ಹಳೇ ದೀಪ ನೋಡಿದಳು. "ಇದೂ ಉರೀತಿದೆಯಲ್ಲೇ?"

"ಏನೋ ಲೂಸಾಗಿತ್ತು, ಸರಿ ಮಾಡ್ದೆ," ಎಂದೆ. ಅವಳು ಮಾಮನ ಮುಖ ನೋಡಿದಳು. ಮಾಮ ಆಕಾಶ ನೋಡಿದರು. ಅಮ್ಮ ಒಳಗೆ ಹೋಗಿ ಮತ್ತೆ ಕಾಯಿ ತುರಿಯತೊಡಗಿದಳು. ತುರಿಯುವ ಸದ್ದು ಮಾತ್ರ ಮೊದಲಿಗಿಂತ ಜೋರಾಗಿತ್ತು.

ಮುಂದಿನ ವಾರ ನಾನು ಏನೂ ಕೇಳಲಿಲ್ಲ. ಕೇಳಿದರೆ ನೋಡಣ ಎನ್ನುತ್ತಾಳೆ ಎಂದು ಗೊತ್ತಿತ್ತು. ಬೆಳಿಗ್ಗೆ ಬಂದವಳೇ ಕೆಂಪಿಯನ್ನು ತೊಳೆದು ಒರೆಸುತ್ತಾ ಕೂತೆ, ಒರೆಸಿದ್ದನ್ನೇ ಒರೆಸುತ್ತಾ. ಬಾಗಿಲ ಹತ್ತಿರ ಸದ್ದಾಯಿತು. ಹಸಿರು ಚೂಡಿದಾರ. ಬಿಳಿ ವೇಲು ಸೊಂಟಕ್ಕೆ ಬಿಗಿದಿತ್ತು. ಟ್ರಂಕಿನ ನುಸಿಗುಳಿಗೆಯ ವಾಸನೆ ಗೇಟಿನವರೆಗೂ ಬರುತ್ತಿತ್ತು. "ಇನ್ನೂ ಒರೆಸ್ತಾ ಕೂತ್ರೆ ಬಣ್ಣ ಹೋಗತ್ತೆ. ಹೊರಡು," ಎಂದಳು. ಬೀದಿಯವರು ಒಬ್ಬೊಬ್ಬರೇ ಹೊರಗೆ ಬಂದು ನಿಂತರು. ಎಲ್ಲರೂ ಹಲ್ಲು ಬಿಟ್ಟುಕೊಂಡು ನಿಂತಿದ್ದರು. ಮುರುಗೇಶ ಮಾಮ ತಮ್ಮ ಗೇಟಿನ ಹತ್ತಿರ ತೋರುಬೆರಳು ಮೇಲೆ ಮಾಡಿ ತಿರುಗಿಸಿದರು. ಎತ್ತು ಎಂದು.

ಹೈವೇ ಬಂದಾಗ ನಿನ್ನ ನೆನಪಾಯಿತು. ಅಮ್ಮ ನನ್ನ ಅಂಗಿ ಹಿಡಿಯಲಿಲ್ಲ. ಕಣ್ಣು ಮುಚ್ಚಿದ್ದಾಳೆಯೇ ಎಂದು ಹೊಸ ಕನ್ನಡಿಯಲ್ಲಿ ನೋಡಿದೆ. ಎಲ್ಲಿ ಮುಚ್ಚುತ್ತಾಳೆ? "ಮುಂದೆ ನೋಡ್ಕೊಂಡು ಓಡ್ಸು, ಅಪ್ಪನ ಥರಾನೇ ಕಂಬಳಿಹುಳದ ಸ್ಪೀಡು" ಎಂದು ಬೈದಳು. ತುಂಗಾ ಸೇತುವೆ ದಾಟಿ, ಕೋಟೆಯ ಕಡೆಗೆ ಹೋಗುವಾಗ, ಚಿಕ್ಕಮ್ಮನ ಬೀದಿಯ ತಿರುವಿಗೆ ಮುಂಚೆ ಸ್ವಿಚ್ಚನ್ನು ಬಲಕ್ಕೆ ತಳ್ಳಿದೆ. ಕನ್ನಡಿ ಮಿನುಗಿತು, ಹಳೇ ದೀಪಗಳೂ ಮಿನುಗಿದವು. ಜೊತೆಗೆ ನನ್ನ ಬಲಭುಜದ ಪಕ್ಕದಿಂದ ಒಂದು ಹಸಿರು ತೋಳು ಸರ್ರನೆ ಹೊರಗೆ ಹೋಗಿ ನೆಟ್ಟಗೆ ನಿಂತಿತು. ಹಿಂದಿದ್ದ ಸಿಟಿ ಬಸ್ಸಿನ ಕಂಡಕ್ಟರು ಬಾಗಿಲಿಂದ ಬಗ್ಗಿ ಕೂಗಿದ, "ಅಮ್ಮಾ, ಲೈಟು ಉರೀತಿದೆ, ಕೈ ಒಳಗೆ ತಗೊಳ್ಳಿ."

"ಲೈಟು ಗಾಡೀದು, ಕೈ ನಂದು," ಎಂದಳು ಅಮ್ಮ, ಕೈ ಇಳಿಸದೆ. "ನಿಮ್ಮ ಡ್ರೈವರಿಗೆ ಎರಡೂ ತೋರಿಸ್ತಿದೀನಿ. ಯಾವುದಾದ್ರೂ ಒಂದು ನೋಡ್ಲಿ."

ಚಿಕ್ಕಮ್ಮ ಗೇಟಿನಲ್ಲೇ ಅತ್ತುಬಿಟ್ಟಳು. ಅಮ್ಮ "ಒಲೆ ಮೇಲೆ ರೊಟ್ಟಿ ಸೀದುಹೋಗತ್ತೆ, ಆಮೇಲೆ ಅಳು" ಎಂದು ಅವಳನ್ನು ಒಳಗೆ ತಳ್ಳಿಕೊಂಡು ಹೋದಳು. ಊಟಕ್ಕೆ ಕೂತಾಗ ಇಬ್ಬರೂ ನಿನ್ನ ಮುಷ್ಟಿಯ ಕಥೆ ತೆಗೆದು ನಕ್ಕರು. ಆ ನಗು ನೋಡಿ ನನಗೂ ತಡೆಯಲಾಗಲಿಲ್ಲ. ಹೆದರುತ್ತಲೇ ಹೇಳಿಬಿಟ್ಟೆ. ಇಂಡಿಕೇಟರು ಕೆಟ್ಟೇ ಇರಲಿಲ್ಲ ಅಮ್ಮ, ಅಪ್ಪ ಬೇಕೆಂದೇ ವೈರು ಬಿಚ್ಚಿಟ್ಟಿದ್ದ, ಕಪ್ಪು ಟೇಪು ಸುತ್ತಿ, ಅದರ ಮೇಲೆ ದಾರ ಬಿಗಿದು ಎಷ್ಟು ಜೋಪಾನ ಮಾಡಿದ್ದ ಗೊತ್ತಾ... ಪರ್ಸಿನಿಂದ ದಾರ ತೆಗೆದು ತೋರಿಸಿದೆ.

ಅಮ್ಮ ಎಡಗೈಯಲ್ಲಿ ಆ ದಾರ ತೆಗೆದುಕೊಂಡಳು. ಬೆರಳ ತುದಿಯಲ್ಲಿ ಗಂಟನ್ನು ಮುಟ್ಟಿ ನೋಡಿದಳು. ಆಮೇಲೆ ರೊಟ್ಟಿ ಮುರಿಯುತ್ತಾ ಹೇಳಿದಳು.

"ಟೇಪು ನಿಮ್ಮಪ್ಪಂದು. ದಾರ ನಂದು."

ಆಗ ನೋಡಿದೆ ನಾನು. ಅದು ಹೂ ಕಟ್ಟುವ ದಾರ. ಗಂಟು, ಅವಳು ಮಲ್ಲಿಗೆ ಮಾಲೆಯ ಕೊನೆಗೆ ಹಾಕುವ ಗಂಟು. ಅಪ್ಪಾ, ಒಂದು ಮಳೆಗಾಲದಲ್ಲಿ ನೀನು ಫಸ್ಟ್ ಶಿಫ್ಟಿಗೆ ಹೋಗಿದ್ದೆಯಂತೆ. ಅಂಗಳದಲ್ಲಿ ನಿಂತಿದ್ದ ಕೆಂಪಿಯ ಸೀಟು ಒರೆಸುವಾಗ ಅವಳ ಕೈ ಸ್ವಿಚ್ಚುಗಳ ಮೇಲೆಲ್ಲ ಹೋಯಿತಂತೆ. ಕೆಟ್ಟುಹೋದ ಇಂಡಿಕೇಟರು ಟಿಕ್ ಟಿಕ್ ಎಂದಿತಂತೆ. ಟೇಪು ಅಂಟು ಬಿಟ್ಟು ವೈರು ತಾಗಿಕೊಂಡಿತ್ತು. ಅವಳು ಓಡಿಹೋಗಿ, ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಮುರುಗೇಶ ಮಾಮನನ್ನು ಎಬ್ಬಿಸಿಕೊಂಡು ಬಂದು ಬುರುಡೆ ಬಿಚ್ಚಿಸಿದಳು. ಮಾಮ ಸಿಕ್ಕಿಬಿದ್ದ ಕಳ್ಳನ ಹಾಗೆ ಎಲ್ಲಾ ಹೇಳಿದರು. ಅವಳು ಒಳಗೆ ಹೋಗಿ ಹೂವಿನ ದಾರ ತಂದು, ಟೇಪು ಮತ್ತೆ ಬಿಡದ ಹಾಗೆ ಬಿಗಿದಳು.

"ನೀನು ಅಪ್ಪನ್ನ ಕೇಳಲೇ ಇಲ್ವಾ?" ಎಂದೆ.

"ಏನಂತ ಕೇಳ್ಲಿ? ನನ್ನ ಹೆದರಿಕೆ ಹೋಗಿ ಎಷ್ಟೋ ವರ್ಷ ಆಗಿತ್ತು. ದೀಪ ಸರಿಯಾಯ್ತು ಅಂದ್ರೆ ನನಗೆ ಆ ಗಾಡಿ ಮೇಲೆ ಏನು ಕೆಲಸ? ಸುಮ್ನೆ ಮೂಟೆ ಥರ ಕೂತ್ಕೊಂಡು ಬರಬೇಕಿತ್ತು," ಎಂದಳು. ಚಿಕ್ಕಮ್ಮ ಇಬ್ಬರನ್ನೂ ನೋಡುತ್ತಾ ತನ್ನ ಕೈಯಲ್ಲಿದ್ದ ರೊಟ್ಟಿಯನ್ನು ಮರೆತೇಬಿಟ್ಟಿದ್ದಳು.

ನೀನು ಅವಳಿಗೆ ಗೊತ್ತಿಲ್ಲ ಎಂದುಕೊಂಡೇ ಹೋದೆಯಾ? ಇದನ್ನು ನಿನಗೆ ಹೇಳಬೇಕೆಂದೇ ಈ ಪತ್ರ. ಆದರೆ ಬರೆಯುತ್ತಾ ಬರೆಯುತ್ತಾ ಒಂದು ಅನುಮಾನ. ಕೆಂಪಿಯ ಹೆಡ್‌ಲೈಟಿನ ಬಲ್ಬನ್ನು ನೀನೇ ಬದಲಿಸುತ್ತಿದ್ದೆ, ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಬುರುಡೆ ಬಿಚ್ಚಿದಾಗ ನಿನ್ನ ಕಪ್ಪು ಟೇಪಿನ ಮೇಲೆ ಬಿಳಿ ದಾರ ಕಾಣಲಿಲ್ಲವೇ? ಆ ಗಂಟು ಯಾರದೆಂದು ನಿನಗೆ...

ಇರಲಿ. ಕೊನೆಯ ಸುದ್ದಿ ಹೇಳಿ ಮುಗಿಸುತ್ತೇನೆ. ಆ ಸಂಜೆ ಮನೆಗೆ ಬಂದ ಮೇಲೆ ಅಮ್ಮ ಆರ್ಡರು ಹಾಕಿದಳು: "ಹಿಂದಿನ ಎರಡು ದೀಪದ ವೈರು ಕಿತ್ತುಹಾಕು. ಮುಂದಿನವರಿಗೆ ನಿನ್ನ ಓಲೆ ಕಾಣ್ಲಿ. ಹಿಂದಿನವರಿಗೆ ನಾನಿದೀನಿ." ಇಲ್ಲವೆಂದರೆ ಚೂಡಿದಾರ ಮತ್ತೆ ಟ್ರಂಕಿಗೆ. ಹೂಂ ಎಂದರೆ ಹೈವೇಯಲ್ಲಿ ಹಿಂದೆ ಬರುವ ಲಾರಿಗಳು. ನಾನು ಸೀಟು ಬಿಚ್ಚಿದೆ, ಸ್ಪ್ಯಾನರಿನಿಂದ ಅಲ್ಲಿ ಇಲ್ಲಿ ಬಡಿದು ಸದ್ದು ಮಾಡಿದೆ, ಸೀಟು ಮುಚ್ಚಿದೆ. ಏನನ್ನೂ ಕೀಳಲಿಲ್ಲ. "ಕಿತ್ತಾಯ್ತು," ಎಂದೆ. ಸ್ಟೂಲಿನ ಮೇಲೆ ಕೂತಿದ್ದ ಮುರುಗೇಶ ಮಾಮನ ಹೊಟ್ಟೆಗೆ ಇನ್ನೊಂದು ಗುಟ್ಟು ಬಿತ್ತು. ತಾಯಿಯಂತೆ ಮಗಳು ಎನ್ನುತ್ತಾರೆ, ನಾನು ನೋಡಿದರೆ ಪೂರ್ತಿ ನಿನ್ನಂತೆ.

ಈಗ ಪ್ರತಿ ಭಾನುವಾರ ಹೋಗುತ್ತೇವೆ. ಹೋದ ವಾರ ಕೋಟೆಯಿಂದ ವಾಪಸು ಹೊರಡುವುದು ತಡವಾಗಿ, ಜನ್ನಾಪುರದ ತಿರುವಿಗೆ ಬರುವಷ್ಟರಲ್ಲಿ ಮಬ್ಬುಗತ್ತಲೆ. ಸ್ವಿಚ್ಚು ತಳ್ಳಿದೆ. ಕನ್ನಡಿಯಲ್ಲಿ ನೋಡಿದರೆ ಹಿಂದಿನ ದೀಪದ ಹಳದಿ ಬೆಳಕು ಅಮ್ಮನ ಬಿಳಿ ವೇಲಿನ ಮೇಲೆ ಬೀಳುತ್ತಿತ್ತು, ಆರುತ್ತಿತ್ತು, ಮತ್ತೆ ಬೀಳುತ್ತಿತ್ತು. ಅವಳು ತಲೆ ಬಗ್ಗಿಸಿ ಅದನ್ನೇ ನೋಡಿದಳು. ನನ್ನ 'ಕಿತ್ತಾಯ್ತು' ಸಿಕ್ಕಿಬಿತ್ತು ಎಂದುಕೊಂಡೆ. ಅವಳು ಮೆಲ್ಲಗೆ ವೇಲಿನ ತುದಿಯನ್ನು ಬೆಳಕಿನಿಂದ ಈಚೆ ಎಳೆದು ಮಡಿಲಿಗೆ ಸಿಕ್ಕಿಸಿಕೊಂಡಳು. ಆಮೇಲೆ ಕೈಯನ್ನು ಇನ್ನಷ್ಟು ಉದ್ದ ಚಾಚಿದಳು.

ನಾನು ಕೇಳುವುದಿಲ್ಲ ಅಪ್ಪಾ, ಮಾತು ಕೊಡುತ್ತೇನೆ. ನೀನೂ ಕೇಳಿರಲಿಲ್ಲವಲ್ಲ.

ನಿನ್ನ
ಸುಮ